ಕಾಸಿ ಸೋಸಿದ ನೀರು

"ಈ ಬಾವಿ ನೀರು ಬೇಡ ಖಾಲಾ, ನಳದ್ದು ತರ್ತೀನಿ," ಎಂದು ನುಜ್ಹತ್ ತಂಬಿಗೆಯನ್ನು ಠಣ್ಣನೆ ಕೆಳಗಿಟ್ಟಳು.

ಹಿತ್ತಿಲ ಮೂಲೆಯಲ್ಲಿ ನಾಲ್ಕೂ ಕಡೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ, ಕೊನೆಯ ಸ್ನಾನಕ್ಕೆ, ಅವಳ ತಾಯಿ ಸಾಲೇಹಾ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಬೆಳಗಿನ ನಮಾಜು ಮುಗಿಸಿ, ಚಹಾ ಕುಡಿದು, ಲೋಟ ತೊಳೆದಿಟ್ಟು, ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ. ಅರವತ್ನಾಲ್ಕು ವಯಸ್ಸು, ಸಾಯುವ ವಯಸ್ಸೇನೂ ಅಲ್ಲ. ಯಲ್ಲಾಪುರದ ಗಂಡನ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದ ನುಜ್ಹತ್ ಸುದ್ದಿ ಕೇಳಿ ಕಾವಲಿಯನ್ನು ಒಲೆಯ ಮೇಲೇ ಬಿಟ್ಟು ಶಿರಸಿ ಬಸ್ಸು ಹತ್ತಿದ್ದಳು.

"ಎಂಥ ಹುಚ್ಚು ಮಾತೇ ಇದು. ಮದುವೆಯಾಗಿ ಈ ಮನೆಗೆ ಬಂದಾಗಿಂದ ಇದೇ ನೀರು ಕುಡಿದವಳು ಅವಳು. ಹಾಕು ಸುಮ್ನೆ," ಎಂದಳು ನಸ್ರೀನ್ ಖಾಲಾ, ಸಾಲೇಹಾಳ ತಂಗಿ.

ಹಾಕದೆ ಏನು ಮಾಡುತ್ತಾಳೆ? ನಳದ ನೀರು ಬರುವುದು ದಿನ ಬಿಟ್ಟು ದಿನ, ಇವತ್ತು ಬರುವ ದಿನವೂ ಅಲ್ಲ. ಬಾವಿಯಿಂದ ಸೇದಿ ಸೇದಿ ಸೀರೆಯ ಸಂದಿಯಲ್ಲಿ ಕೊಡಪಾನ ದಾಟಿಸುತ್ತಿದ್ದವಳು ಗಂಗೆ, ಸಾಲೇಹಾ ದುಡಿದ ಕಾಲೇಜಿನಲ್ಲೇ ಕಸ ಗುಡಿಸಿ ನಿವೃತ್ತಳಾದ ಮುಂಡಗೋಡ ಕಡೆಯ ಹೆಂಗಸು. ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಬಂದು, ಯಾರೂ ಹೇಳದೆ ಹಗ್ಗ ಹಿಡಿದಿದ್ದಳು.

ತಾಯಿಯ ಬಲಗೈ ತೊಳೆಯುವಾಗ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿದ್ದ ಸುಟ್ಟ ಕಲೆಗಳ ಮೇಲೆ ನುಜ್ಹತ್‌ಳ ಬೆರಳುಗಳು ನಿಂತವು. ಒಲೆಯ ಮುಂದೆ ಆದ ಕಲೆಗಳಲ್ಲ ಅವು, ಕಾಲೇಜಿನ ಆ್ಯಸಿಡ್ಡಿನವು. ಮೂವತ್ತೊಂದು ವರ್ಷ ಸಾಲೇಹಾ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದಳು. ಸೀಸೆ ತೊಳೆದಳು, ಗಾಜು ಒರೆಸಿದಳು, ಸಾಹೇಬರುಗಳಿಗೆ ಚಹಾ ತಂದಳು. ಆ ನಡುವೆ ಅವಳ ಹೆಸರು ಒಮ್ಮೆ ಪತ್ರಿಕೆಯಲ್ಲಿ ಒಳ್ಳೆಯದಕ್ಕೆ ಬಂತು, ಒಮ್ಮೆ ಕೆಟ್ಟದ್ದಕ್ಕೆ ಬಂತು.

ಅಂಗಳದ ಕಡೆ ಕಾರು ನಿಂತ ಸದ್ದಾಯಿತು. ಗಂಗೆ ಸೀರೆಯ ಆಚೆಯಿಂದ ಮೆಲ್ಲಗೆ, "ಶಾಂತಾರಾಮ ಸರ್ ಬಂದ್ರು ನೋಡ್ರಿ," ಎಂದಳು.

ನುಜ್ಹತ್‌ಳ ಕಣ್ಣು ಸೀರೆಯ ಸಂದಿಯತ್ತ ತಿರುಗಿತು. ಬರುತ್ತಾರೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತಾಗಿನಿಂದ ಅದೇ ಯೋಚನೆ. ಬಂದರೆ ಅವರಿಂದ ಬೇಕಾದದ್ದು ಒಂದೇ ಒಂದು ಮಾತು. 'ಆ ತಪ್ಪನ್ನು ಸಾಲೇಹಾ ಅವತ್ತೇ ನನಗೆ ಹೇಳಿದ್ದಳು, ಮುಚ್ಚಿಟ್ಟವನು ನಾನು.' ಜನ ಸೇರಿದ್ದಾಗ, ತಾಯಿ ಮಣ್ಣು ಸೇರುವ ಮೊದಲು, ಇಷ್ಟನ್ನು ಅವರು ತಮ್ಮ ಬಾಯಿಂದ ಹೇಳಬೇಕು. ಹೇಳಿಸದೆ ತಾಯಿಯನ್ನು ಈ ಮನೆಯಿಂದ ಕಳಿಸಬಾರದೆಂದು ಅವಳು ಹಟ ಹಿಡಿದಿದ್ದಳು.

*

ಕಡಲೇ ಇಲ್ಲದ ಊರಲ್ಲಿ ಕೂತು ಕಡಲಪಾಚಿಯ ಮೇಲೆ ಡಾಕ್ಟರೇಟ್ ಮಾಡಲು ಹೊರಟವರು ಈ ಶಾಂತಾರಾಮ ಸರ್. ಸರಿಯಾಗಿ ಹೇಳಬೇಕೆಂದರೆ ಪಾಚಿಯ ಮೇಲೂ ಅಲ್ಲ, ಆ ಪಾಚಿಯ ಮೈಮೇಲೆ ಬಿಡಾರ ಹೂಡಿ ಬದುಕುವ, ಕಣ್ಣಿಗೆ ಕಾಣದ ಇನ್ನೊಂದು ಪಾಚಿಯ ಮೇಲೆ. ಡಯಾಟಮ್ ಎಂದು ಅದರ ಹೆಸರು. ಒಂದೇ ಕೋಶದ ಜೀವ, ಸುತ್ತ ಗಾಜಿನ ಚಿಪ್ಪು. ಕಡಲಪಾಚಿಯ ಎಲೆ ಸವರಿದರೆ ಬೆರಳಿಗೆ ಕಂದು ಲೋಳೆ ಹತ್ತುತ್ತದಲ್ಲ, ಅದರಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ. ಪಾಪ, ಅವು ಪಾಚಿಯ ರಸ ಹೀರುವುದಿಲ್ಲ, ಬೆಳಕು ಬೀಳುವ ಕಡೆ ಕೂರಲು ಒಂದು ಜಾಗ ಬೇಕು ಅಷ್ಟೇ ಎಂದು ಸಾಲೇಹಾ ಮನೆಗೆ ಬಂದು ಮಕ್ಕಳಿಗೆ ವಿವರಿಸುತ್ತಿದ್ದಳು.

ಅಮಾವಾಸ್ಯೆ ಹುಣ್ಣಿಮೆಗೆ ಕಡಲು ಬಹಳ ದೂರ ಇಳಿಯುತ್ತದೆ. ಆ ದಿನ ಇಬ್ಬರೂ ಮೊದಲ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದರು. ಬಂಡೆಯ ಮೇಲೆ ಸರ್‌ಗೆ ಕಾಲು ಜಾರುತ್ತದೆ, ಹಾಗಾಗಿ ಅವರು ದಂಡೆಯಲ್ಲಿ ಛತ್ರಿ ಹಿಡಿದು ನಿಂತು ದಿನಾಂಕ ಬರೆದುಕೊಳ್ಳುವುದು. ಸಾಲೇಹಾಳಿಗೆ ಜಾರುವುದಿಲ್ಲ, ಹಾಗಾಗಿ ಅವಳು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು ಪಾಚಿ ಕೀಳುವುದು. ಮಧ್ಯಾಹ್ನ ಶಿರಸಿಗೆ ಮರಳಿ, ಹಲ್ಲುಜ್ಜುವ ಬ್ರಷ್ಷಿನಿಂದ ಲೋಳೆ ಕೆರೆದು, ಆ್ಯಸಿಡ್ಡಿನಲ್ಲಿ ಕುದಿಸಿ, ಯಂತ್ರದಲ್ಲಿ ಭಟ್ಟಿಯಿಳಿಸಿದ ನೀರಿನಲ್ಲಿ ಏಳು ಸಲ ತೊಳೆದರೆ ಬರೀ ಗಾಜಿನ ಚಿಪ್ಪುಗಳು ಉಳಿಯುತ್ತವೆ. ಒಂದು ಹನಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಬೇಕು. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಸಾಲೇಹಾ ದೋಣಿಯಂಥದು, ಬಾಚಣಿಗೆಯಂಥದು, ಸೌತೆಬೀಜದಂಥದು ಎಂದು ಇನ್ನೂರು ಬಗೆಯನ್ನು ಗುರುತು ಹಿಡಿಯುತ್ತಿದ್ದಳು. ಲ್ಯಾಟಿನ್ ಹೆಸರು ಸರ್ ಬರೆದುಕೊಳ್ಳುತ್ತಿದ್ದರು.

ಹದಿನೈದು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ಭಟ್ಟಿಯಿಳಿಸುವ ಯಂತ್ರ ಸುಟ್ಟುಹೋಯಿತು. ಹೊಸದು ಬರಲು ತಿಂಗಳು ಬೇಕು, ಸರ್‌ಗೆ ಕಾಯುವ ವ್ಯವಧಾನವಿಲ್ಲ. ಬಾವಿ ನೀರು ಕಾಸಿ ಸೋಸಿ ತಾ, ಸಾಕು ಎಂದರು. ಸಾಲೇಹಾ ಮನೆಯ ಬಾವಿಯ ನೀರನ್ನು ಕೊತಕೊತ ಕುದಿಸಿ, ಆರಿಸಿ, ಮಲ್ಲಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಅಸದ್ ಮತ್ತು ನುಜ್ಹತ್ ಎಳೆಗೂಸುಗಳಾಗಿದ್ದಾಗ ಅವರಿಗೂ ಅದೇ ನೀರು ಕುಡಿಸಿದ್ದಳು. ಅದಕ್ಕಿಂತ ಶುದ್ಧ ನೀರು ಲೋಕದಲ್ಲಿ ಉಂಟೆಂದು ಯಾವ ತಾಯಿಗೆ ಅನ್ನಿಸುತ್ತದೆ? ಆದರೆ ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ಗಾಜು ಕರಗುವುದಿಲ್ಲ. ಮಲ್ಲಿನ ಬಟ್ಟೆಯ ಕಂಡಿ ಡಯಾಟಮ್ಮಿಗೆ ಊರಬಾಗಿಲಿನಷ್ಟು ದೊಡ್ಡದು. ಇದು ಹತ್ತನೇ ಇಯತ್ತೆಯವಳಿಗೆ ಹೊಳೆಯಬೇಕಿತ್ತೋ, ಎಂ.ಎಸ್ಸಿ. ಓದಿದವರಿಗೆ ಹೊಳೆಯಬೇಕಿತ್ತೋ, ನೀವೇ ಹೇಳಿ.

ಆ ನೀರಲ್ಲಿ ತೊಳೆದ ಪಾಚಿಯಲ್ಲಿ ಅವಳಿಗೆ ಒಂದು ಹೊಸ ಚಿಪ್ಪು ಕಂಡಿತು. ಉದ್ದನೆಯದು, ನಡು ಮಾತ್ರ ಒಂದು ಕಡೆ ಬಾಗಿದ್ದು. ಸರ್‌ನ ಕರೆದು ತೋರಿಸಿದಳು. ಅವರು ಗಂಟೆಗಟ್ಟಲೆ ನೋಡಿದರು, ಪುಸ್ತಕ ತಿರುವಿದರು, ಕುಣಿದಾಡುವುದೊಂದು ಬಾಕಿ. ಮುಂದಿನ ವರ್ಷ ವಿದೇಶದ ವಿಜ್ಞಾನ ಪತ್ರಿಕೆಯಲ್ಲಿ ಅದು ಕಡಲಪಾಚಿಯ ಮೇಲೆ ಬದುಕುವ ಹೊಸ ಪ್ರಭೇದವೆಂದು ಅಚ್ಚಾಯಿತು, ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಸಾಲೇಹಾಳ ಹೆಸರು ಕೂತಿತು. ಕಾಲೇಜಿನಲ್ಲಿ ಸನ್ಮಾನ, ಶಾಲು, ಪತ್ರಿಕೆಯಲ್ಲಿ ಫೋಟೋ. ಅಟೆಂಡರಳ ಹೆಸರಿಟ್ಟರಲ್ಲ, ಸರ್‌ದು ಎಷ್ಟು ದೊಡ್ಡ ಮನಸ್ಸು ಎಂದು ಊರೆಲ್ಲ ಕೊಂಡಾಡಿತು. ಗಂಡ ಬಿಟ್ಟುಹೋದವಳು ಎಂದಷ್ಟೇ ಮೊಹಲ್ಲಾದಲ್ಲಿ ಗುರುತಾಗಿದ್ದ ಸಾಲೇಹಾ ಆ ವರ್ಷ ತಲೆಯೆತ್ತಿ ನಡೆದಳು.

*

ಕಫನ್ ಹೊದಿಸಿ, ಕರ್ಪೂರ ಹಚ್ಚಿ, ಮಯ್ಯತ್ತನ್ನು ನಡುಮನೆಗೆ ತಂದು ಮಲಗಿಸಿದಾಗ ಹನ್ನೊಂದೂವರೆ. ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ನುಜ್ಹತ್ ಕೈ ಒರೆಸಿಕೊಳ್ಳುತ್ತ ಬಾವಿಕಟ್ಟೆಯ ಹತ್ತಿರ ಬಂದು ಗಂಗೆಯನ್ನು ಕೇಳಿದಳು. ಕಾಸಿ ಸೋಸಿದ ನೀರು ಸಾಕೆಂದು ಸರ್ ಹೇಳಿದಾಗ ನೀವು ಅಲ್ಲಿದ್ದಿರೋ?

"ಇದ್ದೆ. ಬಾಗಲದಾಗ ಕಸಬರಗಿ ಹಿಡಕೊಂಡು ನಿಂತಿದ್ದೆ. ಅವರ ಬಾಯಿಂದನ ಬಂದದ್ದು ಆ ಮಾತು," ಎಂದಳು ಗಂಗೆ.

"ಅಂಗಳದಲ್ಲಿ ಹೇಳ್ತೀರಾ?"

ಗಂಗೆ ಹಗ್ಗವನ್ನು ಸುತ್ತಿ ಕಟ್ಟೆಯ ಮೇಲಿಟ್ಟಳು. "ನನ್ನ ಮಾತು ಯಾರ ಕೇಳ್ತಾರವ್ವ? ಕಸಾ ಗುಡಿಸಾಕಿ ಹೇಳಿದ್ಲಂತ ನಗತಾರ. ಅವರ ಹೇಳಿದ್ರ ಮಾತಿಗೆ ತೂಕ." ಅದೂ ಖರೆಯೇ.

ಶಾಂತಾರಾಮ ಸರ್ ಅಂಗಳದ ಗದ್ದಲ ಬಿಟ್ಟು ಮನೆಯ ಪಕ್ಕದ ಓಣಿಯಲ್ಲಿ ನಿಂತು ಫೋನಿನಲ್ಲಿದ್ದರು. ಮಡಿಸಿದ ಬಿಳಿ ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡಿದ್ದರು, ಇಂಥ ಸೂಕ್ಷ್ಮಗಳಲ್ಲಿ ಅವರು ಎಂದೂ ತಪ್ಪಿದವರಲ್ಲ. ಆ ಕಡೆ ಹೆಂಡತಿ ಜಯಾ ಇರಬೇಕು. "ಇಲ್ಲೆ, ಹೆಚ್ಚು ಹೊತ್ತು ಆಗ್ತಿಲ್ಲೆ. ಬಿಸಿನೀರು ಕಾಸಿಡು, ಆನು ಮಿಂದೇ ಒಳಗೆ ಬತ್ತೆ," ಎನ್ನುತ್ತಿದ್ದರು. ನುಜ್ಹತ್‌ಳನ್ನು ನೋಡಿ ಫೋನು ಜೇಬಿಗಿಳಿಸಿ ಮುಖ ಸಣ್ಣದು ಮಾಡಿಕೊಂಡರು.

ಅವಳು ಅಳಲಿಲ್ಲ, ಸುತ್ತಿ ಬಳಸಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಾವುದ್ದೀನ್ ಮಾಮು ಅಂಗಳದಲ್ಲಿ ಎಲ್ಲರ ಹತ್ತಿರ ಅಮ್ಮಿಯ ಪರವಾಗಿ ಮಾಫಿ ಕೇಳುತ್ತಾರೆ, ನಮ್ಮಲ್ಲಿ ಹಾಗೊಂದು ಪದ್ಧತಿ ಇದೆ, ಆಗ ನೀವು ಆ ಒಂದು ಮಾತು ಹೇಳಬೇಕು ಎಂದಳು. ಹೇಳಬೇಕಾದ ಮಾತನ್ನೂ ತಾನೇ ಹೇಳಿ ತೋರಿಸಿದಳು.

ಸರ್ ಅವಳ ತಲೆಯ ಮೇಲಿಡುವವರಂತೆ ಕೈ ಎತ್ತಿ, ಮತ್ತೆ ಇಳಿಸಿದರು. "ಹೇಳ್ತೇನೆ ನುಜ್ಹತ್. ಎಂತಕ್ಕೆ ಹೇಳೂದಿಲ್ಲ? ನಂಗೂ ಮನಸ್ಸಲ್ಲಿ ಅದೇ ಕೊರೀತಾ ಉಂಟು."

ಅವಳು ನಂಬಿದಳು. ನಂಬದೆ ಬೇರೆ ದಾರಿಯಾದರೂ ಏನಿತ್ತು, ಕಾಗದವಿಲ್ಲ, ಸಹಿಯಿಲ್ಲ, ಬಾಯಿಬಿಡುವ ಸಾಕ್ಷಿಯಿಲ್ಲ.

*

ಹೆಸರು ಅಚ್ಚಾದ ಮರುವರ್ಷದ ಮಳೆಗಾಲ. ಕಡಲಿಗೆ ಇಳಿಯುವಂತಿಲ್ಲ, ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ತರಗತಿಗೆ ಏನಾದರೂ ಬೇಕಲ್ಲ ಎಂದು ಸಾಲೇಹಾ ಮನೆಯ ಬಾವಿಯ ಗೋಡೆಯ ಲೋಳೆ ಕೆರೆದು ಒಯ್ದಳು. ಗಾಜಿನ ಪಟ್ಟಿಯ ಮೇಲೆ ಹನಿಯಿಟ್ಟು ಕಣ್ಣು ಹಚ್ಚಿದರೆ, ನಡು ಬಾಗಿದ ಆ ಚಿಪ್ಪು. ಒಂದಲ್ಲ ಎರಡಲ್ಲ, ಎಣಿಸಿದಷ್ಟೂ ಇದ್ದವು.

ಅವತ್ತು ಅವಳು ಮನೆಗೆ ಬಂದು ಬುರ್ಖಾ ಕೂಡ ತೆಗೆಯದೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಿದ್ದು ನುಜ್ಹತ್‌ಗೆ ಚೆನ್ನಾಗಿ ನೆನಪಿದೆ. ಅವಳಿಗಾಗ ಹದಿನೇಳು. ಅದು ಕಡಲಿಂದ ಬಂದದ್ದಲ್ಲ ಮಗಾ, ನಮ್ಮ ಬಾವಿಯದು, ನಾನೇ ಸೇದಿ ಒಯ್ದದ್ದು ಎಂದು ತಾಯಿ ಮತ್ತೆ ಮತ್ತೆ ಹೇಳಿದಳು. ಮಾರನೇ ದಿನ ಸರ್‌ಗೆ ತೋರಿಸಿದಳು. ಅವರು ನೋಡಿದರು, ಬಾಗಿಲು ಹಾಕಿಕೊಂಡು ಬಂದರು. ಆಗ ಅವರ ಬಡ್ತಿ ಆಗುವುದರಲ್ಲಿತ್ತು. ಸರ್ ಆಡಿದ ಮಾತನ್ನು ಸಾಲೇಹಾ ಸಂಜೆ ಮಗಳಿಗೆ ಅಕ್ಷರ ಬಿಡದೆ ಒಪ್ಪಿಸಿದಳು. "ಸಾಲೇಹಾ, ಅದು ನಿನ್ನ ಹೆಸರು ಮಾರಾಯ್ತಿ. ನಿನ್ನ ಕೈಯಾರೆ ನೀನೇ ಅಳಿಸ್ತೀಯಾ?"

ಅಳಿಸಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಳು. ಅವರ ಬಡ್ತಿಗಾಗಿ ಮಾತ್ರ ಅಲ್ಲ, ತನಗೂ ಆ ಹೆಸರಿನ ಆಸೆ ಇತ್ತೆಂದು ಅವಳು ಮಗಳ ಮುಂದೆ ಒಪ್ಪಿಕೊಂಡಿದ್ದಳು. ತಾಯಿಯ ಆ ಒಂದು ದೌರ್ಬಲ್ಯದ ಮೇಲೆ ನುಜ್ಹತ್‌ಗೆ ಸಿಟ್ಟೂ ಇತ್ತು, ಹೇಳಿಕೊಳ್ಳಲಾರದಷ್ಟು ಮರುಕವೂ ಇತ್ತು.

ಕಳೆದ ವರ್ಷ ಯಲ್ಲಾಪುರದ ಕಡೆಯ ಮಧುರಾ ಎಂಬ ಹುಡುಗಿ, ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದವಳು, ಕಾಲೇಜಿನ ಹಳೆಯ ಗಾಜಿನ ಪಟ್ಟಿಗಳನ್ನು ತರಿಸಿ ನೋಡಿದಳು. ಅದು ಸಿಹಿನೀರಿನ ಡಯಾಟಮ್ಮು, ಮಲೆನಾಡಿನ ಎಷ್ಟೋ ಬಾವಿಗಳಲ್ಲಿದೆ, ನೂರು ವರ್ಷದ ಹಿಂದೆಯೇ ಅದಕ್ಕೆ ಬೇರೆ ಹೆಸರಾಗಿದೆ ಎಂದು ಬರೆದಳು. ಅವಳದೇನೂ ತಪ್ಪಿಲ್ಲ, ಇದ್ದದ್ದನ್ನು ಬರೆದಳು. ಸಾಲೇಹಾಳ ಹೆಸರು ಹೊಡೆದುಹೋಯಿತು. ಪತ್ರಿಕೆಯವರು ನಿವೃತ್ತ ಪ್ರಾಂಶುಪಾಲರಾದ ಶಾಂತಾರಾಮ ಸರ್‌ನ ಕೇಳಿದರು. ಬಾವಿ ನೀರು ಬಳಸಿದ್ದನ್ನು ಸಹಾಯಕಿ ತನ್ನಿಂದ ಮುಚ್ಚಿಟ್ಟಿದ್ದಳು, ಎಲ್ಲ ಅವಳ ಅಜಾಗರೂಕತೆಯಿಂದ ಆದದ್ದು, ಆದರೂ ಬಡ ಹೆಣ್ಣುಮಗಳು, ಅವಳ ಬಗ್ಗೆ ತಾನು ಏನೂ ಹೇಳುವುದಿಲ್ಲ ಎಂದರು ಸರ್. ಎಲ್ಲ ಹೇಳಿ ಮುಗಿಸಿದ ಮೇಲೆ ಏನೂ ಹೇಳುವುದಿಲ್ಲವಂತೆ.

ಸಾಲೇಹಾ ಮಗಳನ್ನು ಕರೆದುಕೊಂಡು ಇಸಳೂರಿನ ಅವರ ಹೊಸ ಮನೆಗೆ ಹೋದಳು. ಜಯಮ್ಮ ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ಸಾಲೇಹಾ ಕುರ್ಚಿಯ ತುದಿಯಲ್ಲಿ ಕೂತು ಕೇಳಿದ್ದು ಇಷ್ಟೇ. "ಹೆಸರು ಹೋಗಲಿ ಸರ್, ಅದು ನಂದಲ್ಲ. ಮುಚ್ಚಿಟ್ಟಳು ಅನ್ನೋದೊಂದು ತೆಗೀರಿ."

ಪತ್ರಿಕೆಗೆ ಬರೆದು ಕಳಿಸುತ್ತೇನೆ ಎಂದರು ಸರ್. ಅಂದಿನಿಂದ ಹನ್ನೊಂದು ತಿಂಗಳು ಸಾಲೇಹಾ ದಿನಾ ಬೆಳಿಗ್ಗೆ ಮಸೀದಿ ಮೂಲೆಯ ಅಂಗಡಿಗೆ ಹೋಗಿ ಪತ್ರಿಕೆ ಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ನೋಡುತ್ತಿದ್ದಳು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಕಾಲೇಜಿನ ಮುಂದಿನ ರಸ್ತೆಯಲ್ಲಿ ನಡೆಯುವುದನ್ನೂ ಬಿಟ್ಟಳು.

*

ಅಂಗಳ ತುಂಬಿತ್ತು. ಮೊಹಲ್ಲಾದವರು, ಅಸದ್‌ನ ಜೊತೆ ಟೆಂಪೋ ಓಡಿಸುವವರು, ಕಾಲೇಜಿನ ಹಳೆಯ ಮೇಷ್ಟ್ರುಗಳು, ಸಿದ್ದಾಪುರದಿಂದ ಬಂದ ಹಳೆಯ ವಿದ್ಯಾರ್ಥಿಗಳು. ಜನಾಜಾವನ್ನು, ಮಯ್ಯತ್ತು ಮಲಗಿಸಿದ ಮಂಚವನ್ನು, ಹೊರತಂದು ಬೆಂಚಿನ ಮೇಲಿಟ್ಟರು. ಹೆಂಗಸರಿಗೆ ಹೊಸ್ತಿಲೇ ಗಡಿ. ನುಜ್ಹತ್ ಬಾಗಿಲ ಪರದೆಯನ್ನು ಒಂದು ಗೇಣು ಸರಿಸಿ ನಿಂತಳು.

ಅದಕ್ಕೂ ಮೊದಲು ಅವಳು ತಮ್ಮ ಅಸದ್‌ನ ಒಳಗೆ ಕರೆದು ವಿಷಯ ತಿಳಿಸಿದ್ದಳು. ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನ ಹೆಂಡತಿ ಅದೇ ಕಾಲೇಜಿನಲ್ಲಿ ಕೆಲಸಕ್ಕಿದ್ದಾಳೆ, ಆಡಳಿತ ಮಂಡಳಿಯಲ್ಲಿ ಈಗ ಸರ್ ಇದ್ದಾರೆ. ಇವತ್ತೊಂದು ದಿನ ಸುಮ್ಮನಿರು ಆಪಾ ಎಂದು ಅವನು ಕೈಮುಗಿದಿದ್ದ.

ಅಲ್ಲಾವುದ್ದೀನ್ ಮಾಮು, ಸಾಲೇಹಾಳ ಅಣ್ಣ, ಲಾರಿ ಓಡಿಸಿ ಓಡಿಸಿ ಸೊಂಟ ಬಿದ್ದವರು, ಕೋಲೂರಿ ಎದ್ದು ನಿಂತರು. ಬೇರೆ ಜನರೂ ಇದ್ದರೆಂದು ಕನ್ನಡದಲ್ಲೇ ಹೇಳಿದರು. "ನಮ್ಮ ತಂಗಿ ಸಾಲೇಹಾ ಬದುಕಿದ್ದಾಗ ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರ ಮನಸ್ಸಿಗಾದ್ರೂ ನೋವು ಮಾಡಿದ್ರೆ, ಯಾರದಾದ್ರೂ ಹಕ್ಕು ಅವಳ ಮೇಲೆ ಉಳಿದಿದ್ರೆ, ಅಲ್ಲಾಹನ ಹೆಸರಲ್ಲಿ ಮಾಫ್ ಮಾಡಿಬಿಡಿ."

ಮಾಫ್, ಮಾಫ್ ಎಂದು ಅಲ್ಲಲ್ಲಿ ಮೆಲ್ಲನೆಯ ದನಿಗಳು ಎದ್ದವು. ಅಷ್ಟಕ್ಕೇ ಮುಗಿಯುವ ಕ್ರಮ ಅದು, ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಆದರೆ ನಾಲ್ಕು ಜನ ಸೇರಿದ ಕಡೆ ಎದ್ದು ನಿಂತು ಅಭ್ಯಾಸವಿದ್ದ ಶಾಂತಾರಾಮ ಸರ್ ಎರಡು ಹೆಜ್ಜೆ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ನುಜ್ಹತ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು. ಯಾ ಅಲ್ಲಾ, ಹೇಳಿಬಿಡಲಿ.

ಸಾಲೇಹಾಳಂಥ ಶ್ರಮಜೀವಿಯನ್ನು ತಾವು ಕಂಡಿಲ್ಲ ಎಂದರು. ಮೂವತ್ತೊಂದು ವರ್ಷದಲ್ಲಿ ಒಂದು ದಿನ ತಡವಾಗಿ ಬಂದವಳಲ್ಲ ಎಂದರು. ದನಿ ನಡುಗಿತು, ನಿಜಕ್ಕೂ ನಡುಗಿತು. ನುಜ್ಹತ್‌ಳ ಕಣ್ಣಲ್ಲಿ ಬೆಳಗಿನಿಂದ ಬರದ ನೀರು ಆಗ ಬಂತು.

"ಒಂದು ತಪ್ಪಾಯ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಪೇಪರಲ್ಲೂ ಬಂದಿತ್ತು," ಎಂದರು ಸರ್. "ಅವಳಿಂದ ನನ್ನ ಇಪ್ಪತ್ತು ವರ್ಷದ ಕೆಲಸಕ್ಕೆ ಕಪ್ಪು ಚುಕ್ಕೆ ಬಂತು. ಆದ್ರೆ ಇವತ್ತು ಅವಳ ಮುಂದೆ ನಿಂತು ಹೇಳ್ತೇನೆ. ನನ್ನ ಮನಸ್ಸಲ್ಲಿ ಏನೂ ಇಲ್ಲ. ನಾನು ಅವಳನ್ನ ಮನಸಾರೆ ಕ್ಷಮಿಸಿದ್ದೇನೆ."

ಅಂಗಳಕ್ಕೆ ಅಂಗಳವೇ ತಲೆದೂಗಿತು. ಹಿರಿಯರೊಬ್ಬರು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಹೇಳಿದ್ದು ಬಾಗಿಲವರೆಗೆ ಕೇಳಿಸಿತು.

ನುಜ್ಹತ್ ಹೊಸ್ತಿಲು ದಾಟಿದಳು. ನಸ್ರೀನ್ ಖಾಲಾ ದುಪಟ್ಟಾ ಹಿಡಿದೆಳೆದದ್ದು ಅವಳಿಗೆ ತಿಳಿಯಲೇ ಇಲ್ಲ. "ಸರ್, ಅಮ್ಮಿ ನಿಮಗೆ ಹೇಳಿದ್ರು. ಹೇಳಿದ್ರೋ ಇಲ್ವೋ, ಅಷ್ಟು ಹೇಳಿ."

ಹಿತ್ತಿಲಿಂದ ಬಂದು ಅಂಗಳದ ಮೂಲೆಯಲ್ಲಿ ನಿಂತಿದ್ದ ಗಂಗೆ ಬಾಯಿ ತೆರೆದವಳು ಸೆರಗು ಒತ್ತಿಕೊಂಡಳು. ಸರ್ ನುಜ್ಹತ್‌ಳನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ, ಇದ್ದದ್ದು ತುಂಬ ದಿನದಿಂದ ರೂಢಿಯಾದ ಒಂದು ಅನುಕಂಪ. ಅವರು ಜನರ ಕಡೆ ತಿರುಗಿ, "ದುಃಖದಲ್ಲಿದ್ದಾಳೆ ಪಾಪ. ಯಾರೂ ಮನಸ್ಸಿಗೆ ಹಚ್ಕೊಳ್ಳೋದು ಬೇಡ," ಎಂದರು.

ಯಾರೂ ಹಚ್ಚಿಕೊಳ್ಳಲಿಲ್ಲ. ತಾಯಿ ಸತ್ತ ದಿನ ಹೆಣ್ಣುಮಕ್ಕಳು ಏನೇನೋ ಆಡುತ್ತಾರೆ. ಖಾಲಾ ಅವಳ ಸೊಂಟ ಬಳಸಿ ಹಿಂದಕ್ಕೆ ಎಳೆದುಕೊಂಡಳು. ಒಳಗಿನ ಹೆಂಗಸರು ನೀರು ಕುಡಿಸಲು ಬಂದರು. ಅವಳು ಮತ್ತೊಮ್ಮೆ ಅದೇ ಮಾತನ್ನು ಕೂಗಿದಳು, ಆದರೆ ಆಗಲೇ ಗಂಡಸರು ಕಲಿಮಾ ಹೇಳುತ್ತ ಜನಾಜಾಕ್ಕೆ ಕೈಹಾಕಿದ್ದರು, ಆ ದನಿಯಲ್ಲಿ ಅವಳ ದನಿ ಅಂಗಳದ ಅರ್ಧಕ್ಕೂ ಹೋಗಲಿಲ್ಲ.

ಜನಾಜಾದ ತಲೆಯ ಕಡೆಯ ಬಲಮೂಲೆ ಮಗನದ್ದು. ಅಸದ್ ಹೆಗಲು ಕೊಟ್ಟು ನಾಲ್ಕು ಹೆಜ್ಜೆ ನಡೆದಿದ್ದ. ಗೇಟಿನ ಹತ್ತಿರ ಶಾಂತಾರಾಮ ಸರ್ ಕರವಸ್ತ್ರದ ಗಂಟು ಬಿಗಿಮಾಡಿಕೊಂಡು ಪಕ್ಕಕ್ಕೆ ಬಂದು ನಿಂತಾಗ ಅವನು ಒಂದು ಗಳಿಗೆ ಬಾಗಿಲ ಕಡೆ ನೋಡಿದ, ಆಮೇಲೆ ತಗ್ಗಿ ಹೆಗಲು ತಪ್ಪಿಸಿ ಅವರಿಗೆ ಜಾಗ ಬಿಟ್ಟ. ಸರ್ ಎತ್ತರದ ಆಳು. ಅವರು ಹೊತ್ತ ಮೂಲೆ ಮೇಲೆದ್ದು ಜನಾಜಾ ಓರೆಯಾಯಿತು. ಒಳಗಿನ ಮೈ ಒಂದು ಕಡೆ ಜರುಗಿದ್ದು ಹೊಸ್ತಿಲಿನಿಂದಲೂ ಕಾಣುತ್ತಿತ್ತು. ಉಳಿದ ಮೂವರು ಹೊರೆಯನ್ನು ಹೆಗಲಿನಿಂದ ತೆಗೆದು, ಅಂಗೈ ಮೇಲೆ ಎತ್ತಿ ಹಿಡಿದು, ಅವರ ಎತ್ತರಕ್ಕೆ ಸರಿಮಾಡಿಕೊಂಡು ರಸ್ತೆಗಿಳಿದರು.